ಒಂದು ಸೈಜು ದೊಡ್ಡದು

ಪೇಟೆಯ ವ್ಯಾಪಾರಿಗಳು ಎದುರಿಗೆ ಸಿಕ್ಕಾಗ ಅವರನ್ನು ‘ಸಾಹೇಬ್ರೇ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಕ್ಕಡಿ’ ಎನ್ನುತ್ತಿದ್ದರು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸ. ಕೈಯಲ್ಲೊಂದು ಕಂದು ಚರ್ಮದ ಪೆಟ್ಟಿಗೆ. ಅದರೊಳಗೆ ಹಿತ್ತಾಳೆಯ ತೂಕದ ಕಲ್ಲುಗಳು, ಉಕ್ಕಿನ ಅಳತೆಪಟ್ಟಿ, ಸೀಲು ಒತ್ತುವ ಇಕ್ಕಳ. ಆ ಪೆಟ್ಟಿಗೆ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕುಂಬಳಕಾಯಿ ಕದಿಯದವರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಕೆಲಸಕ್ಕೆ ಬೇಕಾದ ಗುಣ ಮನೆಗೂ ಬಂದುಬಿಟ್ಟಿತ್ತು. ಬ್ರೆಡ್ಡಿನ ತೂಕ ಸರಿಯಿದೆಯೇ, ಮೇಜಿನ ಕಾಲುಗಳು ಸಮವಾಗಿವೆಯೇ, ಗಡಿಯಾರ ಓಡುತ್ತಿದೆಯೋ ಓಡಿದಂತೆ ನಟಿಸುತ್ತಿದೆಯೋ, ಎಲ್ಲವನ್ನೂ ಅವರು ಪರೀಕ್ಷೆ ಮಾಡಿಯೇ ನಂಬುತ್ತಿದ್ದರು. ಅವರ ಹೆಂಡತಿ ಕನ್ನಡಕದ ಅಂಗಡಿಯೊಂದರ ಹಿಂಗೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಗೆಳತಿಯರ ಹತ್ತಿರ ನಗುತ್ತಾ ಹೇಳುತ್ತಿದ್ದಳು, “ಬೇರೆಯವರು ಮೊಸರಲ್ಲಿ ಕಲ್ಲು ಹುಡುಕ್ತಾರೆ. ನಮ್ಮನೆಯವರು ಕಲ್ಲು ತಂದಿಟ್ಟು ಮೊಸರನ್ನೇ ತೂಗ್ತಾರೆ.”

ಆದರೆ ಒಂದು ಸಲ ಈ ಗುಣ ನಗುವಂಥದ್ದಾಗಿ ಉಳಿಯಲಿಲ್ಲ. ಸಾಹೇಬರ ಅಕ್ಕನ ಗಂಡ, ಅಂದರೆ ಭಾವ, ದಿನಸಿ ಅಂಗಡಿ ಇಟ್ಟಿದ್ದರು. ಯಾರೋ ಗಿರಾಕಿ ತೂಕ ಕಡಿಮೆ ಎಂದು ದೂರು ಕೊಟ್ಟರು. ಸ್ವಂತದವರೆಂದು ಬಿಟ್ಟರೆ ಜನ ಏನೆಂದಾರು ಎಂದುಕೊಂಡ ಸಾಹೇಬರು ಬೇರೆಯವರನ್ನು ಕಳಿಸದೆ ತಾವೇ ಹೋದರು. ಕಲ್ಲು ಇಟ್ಟು ನೋಡಿದರು, ಮುಳ್ಳು ವಾಲಿತು. ಅಂಗಡಿ ತುಂಬ ಜನ ನೋಡುತ್ತಿದ್ದಂತೆ ತಕ್ಕಡಿಗೆ ಸೀಲು ಒತ್ತಿ ಹೊತ್ತುಕೊಂಡು ಬಂದರು. ಇಲಾಖೆಯಲ್ಲಿ ಮತ್ತೆ ಪರೀಕ್ಷಿಸಿದಾಗ ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸೊಟ್ಟಗಿದ್ದದ್ದು ಅದನ್ನಿಟ್ಟ ಮೇಜು. ಭಾವ ತಕ್ಕಡಿಯನ್ನು ವಾಪಸು ತೆಗೆದುಕೊಂಡರು, ಮಾತನ್ನು ವಾಪಸು ಕೊಡಲಿಲ್ಲ. ಅಕ್ಕ ಬಂದು ಬಾಗಿಲಲ್ಲೇ ನಿಂತು, “ಒಂದು ಮಾತು ಕೇಳಿದ್ರೆ ಮೇಜಿನ ಕಾಲು ಕುಂಟು ಅಂತ ನಾನೇ ಹೇಳ್ತಿದ್ದೆ” ಎಂದಷ್ಟೇ ಹೇಳಿ ಹೋದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಇದಾಗಿ ಕೆಲವು ವರ್ಷಗಳೇ ಕಳೆದಿದ್ದವು.

ಆ ಬೂಟುಗಳು ಸಾಹೇಬರ ಕಣ್ಣಿಗೆ ಬಿದ್ದದ್ದು ಒಂದು ರಜೆಯ ದಿನ. ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಯಂತ್ರ ಅಲುಗಾಡುತ್ತಿದೆ ಎಂದು ಅದರ ಹಿಂದೆ ಬಗ್ಗಿ ನೋಡಿದರೆ ಒಂದು ಬಕೆಟ್ಟು, ಬಕೆಟ್ಟಿನ ಮೇಲೆ ಹಳೆಯ ಟವೆಲ್ಲು, ಟವೆಲ್ಲಿನ ಕೆಳಗೆ ಒಂದು ಜೊತೆ ಬೂಟು. ಮೈದಾನದಲ್ಲಿ ಆಡುವವರು ಹಾಕುವಂಥ ಬೂಟುಗಳಲ್ಲ. ಅಡಿಯಲ್ಲಿ ಉಬ್ಬುಬ್ಬಾದ ರಬ್ಬರಿನ ಹಲ್ಲುಗಳು, ಹಲ್ಲುಗಳ ಸಂದಿಯಲ್ಲಿ ಒಣಗಿದ ಕೆಂಪು ಮಣ್ಣು. ಆ ಮಣ್ಣು ಅವರ ಬೀದಿಯದಲ್ಲ, ಪಾರ್ಕಿನದೂ ಅಲ್ಲ.

ಸಾಹೇಬರು ಬೂಟಿನ ನಾಲಿಗೆ ಎತ್ತಿ ಒಳಗಿನ ನಂಬರು ನೋಡಿದರು. ಆರು. ಹೆಂಡತಿಯ ಕಾಲಿನ ಅಳತೆ ಐದು. ಮದುವೆಯಾದಾಗಿನಿಂದ ಅವಳ ಚಪ್ಪಲಿಗಳನ್ನು ಕಂಡವರು ಅವರು. ಐದು ಎಂದರೆ ಐದೇ. ನಂಬದೆ ಉಕ್ಕಿನ ಪಟ್ಟಿ ತಂದು ಬೂಟಿನ ಒಳಗನ್ನೂ ಬಾಗಿಲ ಬಳಿ ಇದ್ದ ಅವಳ ಚಪ್ಪಲಿಯನ್ನೂ ಅಳೆದರು. ಬೂಟು ನಿಜಕ್ಕೂ ದೊಡ್ಡದು. ಹಾಗಾದರೆ ಯಾರದ್ದು? ತಮ್ಮದಂತೂ ಅಲ್ಲ. ಮನೆಯಲ್ಲಿ ಇರುವವರು ಇಬ್ಬರೇ.

ಆಗ ಹಿಂದಿನದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಈಚೆಗೆ ಅವಳು ಬೆಳಕು ಹರಿಯುವ ಮುಂಚೆ ಎದ್ದು ಪಾರ್ಕಿಗೆ ನಡೆಯಲು ಹೋಗುತ್ತಿದ್ದಳು. ಪಾರ್ಕು ಇರುವುದು ಎರಡು ಬೀದಿಯಾಚೆ, ಆದರೆ ಅವಳು ಬರುತ್ತಿದ್ದದ್ದು ಬಿಸಿಲು ಏರಿದ ಮೇಲೆ. ಬಂದಾಗ ಮುಖ ಕೆಂಪಾಗಿರುತ್ತಿತ್ತು. ದಿನವಿಡೀ ಬಗ್ಗಿ ಕೂತು ಗಾಜು ಉಜ್ಜಿ ಬೆನ್ನುನೋವು ಎನ್ನುತ್ತಿದ್ದವಳು ಆ ಮಾತನ್ನೇ ಮರೆತಿದ್ದಳು. ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು. ಇಷ್ಟು ದಿನ ಇಲ್ಲದ ಹಾಡು ಈಗ ಎಲ್ಲಿಂದ ಬಂತು?

ಕೇಳಿಬಿಡಬಹುದಿತ್ತು. ಆದರೆ ತಪಾಸಣೆಗೆ ಬರುತ್ತೇನೆಂದು ಮೊದಲೇ ಹೇಳಿ ಹೋಗುವ ಇನ್ಸ್‌ಪೆಕ್ಟರು ಎಲ್ಲಿದ್ದಾನೆ? ಸಾಹೇಬರು ಬೂಟುಗಳನ್ನು ಇದ್ದ ಹಾಗೇ ಇಟ್ಟು ಟವೆಲ್ಲು ಮುಚ್ಚಿದರು. ಊಟಕ್ಕೆ ಕೂತಾಗ ಮಾತ್ರ ತಡೆಯಲಾಗದೆ, “ಪಾರ್ಕಲ್ಲಿ ಮಣ್ಣು ಹಾಕಿಸಿದ್ದಾರಾ ಹೊಸದಾಗಿ?” ಎಂದರು.

“ನಂಗೇನು ಗೊತ್ತು? ಯಾಕೆ?”

“ಸುಮ್ನೆ ಕೇಳಿದೆ.”

ಅವಳು ಒಂದು ಕ್ಷಣ ಅವರನ್ನೇ ನೋಡಿ ತಟ್ಟೆ ಎತ್ತಿಕೊಂಡು ಹೋದಳು. ಆ ನೋಟವೂ ಅವರ ಲೆಕ್ಕಕ್ಕೆ ಸೇರಿತು.

ಮಾರನೆಯ ದಿನ ಬಾಗಿಲು ಮೆಲ್ಲಗೆ ಎಳೆದುಕೊಂಡ ಸದ್ದು ಕೇಳಿದ ಕೂಡಲೆ ಸಾಹೇಬರು ಎದ್ದರು. ಅಂಗಿಯನ್ನು ರಾತ್ರಿಯೇ ಹಾಕಿಕೊಂಡು ಮಲಗಿದ್ದರು. ಕಾಲಿಗೆ ಆಫೀಸಿನ ಕಪ್ಪು ಚರ್ಮದ ಶೂ, ಅವರ ಹತ್ತಿರ ಇದ್ದದ್ದೇ ಅದೊಂದು. ಅವಳು ಪಾರ್ಕಿನ ಗೇಟನ್ನು ಕಣ್ಣೆತ್ತಿಯೂ ನೋಡದೆ ದಾಟಿದಳು. ಬಸ್ ಡಿಪೋ ದಾಟಿ, ನೀರಿನ ಟ್ಯಾಂಕು ದಾಟಿ, ಊರ ಹಿಂದಿನ ಗುಡ್ಡದ ಬುಡಕ್ಕೆ ಬಂದಳು. ಸಾಹೇಬರು ಟ್ಯಾಂಕಿನ ಕಂಬದ ಹಿಂದೆ ನಿಂತರು.

ಅಲ್ಲಿ ಒಬ್ಬರು ಕಾಯುತ್ತಿದ್ದರು. ಎತ್ತರದ ಆಳು, ಕತ್ತಿನವರೆಗೆ ಕತ್ತರಿಸಿದ ಕೂದಲು, ತಲೆಗೆ ಟೋಪಿ, ಮೈಮೇಲೆ ನೀಲಿ ಜಾಕೆಟ್ಟು. ಅವಳು ಹೋದವಳೇ ಆ ಮನುಷ್ಯನ ಭುಜಕ್ಕೆ ಒಂದೇಟು ಕೊಟ್ಟು ನಕ್ಕಳು. ಸಾಹೇಬರು ಕಂಬದ ಹಿಂದೆ ಇನ್ನಷ್ಟು ಸರಿದು ನಿಂತರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ತಾವು ಅಂದುಕೊಂಡದ್ದು ಸುಳ್ಳಾಗಲಿಲ್ಲ ಎಂಬ ಒಂದು ಕೆಟ್ಟ ತೃಪ್ತಿಯೂ ಆಯಿತು. ಆ ತೃಪ್ತಿಗೆ ಅವರಿಗೇ ಅಸಹ್ಯವಾಯಿತು, ಆದರೂ ಕಾಲು ನಿಲ್ಲಲಿಲ್ಲ.

ಇಬ್ಬರೂ ಗುಡ್ಡದ ಕಾಲುದಾರಿಯಲ್ಲಿ ಓಡತೊಡಗಿದರು. ಓಟವೆಂದರೆ ಪೋಲೀಸು ಬೆನ್ನು ಹತ್ತಿದವರ ಓಟವಲ್ಲ. ಮೇಕೆಗಳ ಹಾಗೆ ಸಣ್ಣ ಸಣ್ಣ ಹೆಜ್ಜೆ. ಸಾಹೇಬರು ಏದುಸಿರು ಬಿಡುತ್ತಾ ಬಂಡೆಯಿಂದ ಬಂಡೆಗೆ ಅಡಗುತ್ತಾ ಹತ್ತಿದರು. ಹಳೆಯ ಕಲ್ಲು ಕ್ವಾರಿಯ ತಿರುವಿನಲ್ಲಿ ಅವರಿಬ್ಬರೂ ಹಠಾತ್ತನೆ ವಾಪಸು ತಿರುಗಿ ಇಳಿಯಲು ಶುರುಮಾಡಿದರು. ಸಿಕ್ಕಿಬೀಳುತ್ತೇನೆಂದು ಸಾಹೇಬರೂ ತಿರುಗಿ ಇಳಿಯಲು ಹೋದರು. ಇಳಿಜಾರಿನಲ್ಲಿ ಕಾಲ್ಬೆರಳುಗಳೆಲ್ಲ ಶೂವಿನ ಮೂತಿಗೆ ಹೋಗಿ ಗುದ್ದಿಕೊಂಡವು. ನುಣ್ಣನೆಯ ಅಟ್ಟೆಯ ಕೆಳಗೆ ಜಲ್ಲಿ ಜಾರಿತು. ಆಮೇಲೆ ಆಕಾಶ ಕಾಣಿಸಿತು, ಆಮೇಲೆ ಒಂದು ಮುಳ್ಳಿನ ಪೊದೆ.

“ಅಯ್ಯೋ, ಯಾರೋ ಬಿದ್ರು ನೋಡಿ!” ಹೆಂಡತಿಯದೇ ದನಿ. ಓಡಿ ಬಂದ ಹೆಜ್ಜೆಗಳು ಹತ್ತಿರ ಬಂದು ನಿಂತವು. ನೀಲಿ ಜಾಕೆಟ್ಟಿನವರು ಟೋಪಿ ತೆಗೆದರು.

ಸಾಹೇಬರ ಅಕ್ಕ.

ಅವರಿಗೆ ಗೊತ್ತಿದ್ದ ಅಕ್ಕನಿಗೆ ಸೊಂಟದವರೆಗೆ ಜಡೆಯಿತ್ತು. ಅದನ್ನು ಯಾವಾಗ ಕತ್ತರಿಸಿದಳೋ ತಮ್ಮನಿಗೆ ತಿಳಿದಿರಲಿಲ್ಲ. ಸಾಹೇಬರು ಪೊದೆಯೊಳಗೆ ಇಂಗು ತಿಂದ ಮಂಗನ ಹಾಗೆ ಕೂತಿದ್ದರು.

“ಏನೋ, ಗುಡ್ಡದ ತೂಕ ನೋಡಕ್ಕೆ ಬಂದ್ಯಾ?” ಎಂದಳು ಅಕ್ಕ. ದನಿಯಲ್ಲಿ ನಗುವಿರಲಿಲ್ಲ. ಕೈ ಚಾಚಿ ಎಬ್ಬಿಸಿದಳು. ನಿಂತ ಮೇಲೆ ಕೈ ಬಿಟ್ಟು, ಹೆಂಡತಿಗೆ, “ನೀನು ಕರ್ಕೊಂಡು ಹೋಗು. ನಾನು ಹೊರಡ್ತೀನಿ” ಎಂದು ಇಳಿದು ಹೋದಳು.

ಹೆಂಡತಿ ಅವರ ತೋಳು ಹಿಡಿದು ಗುಡ್ಡ ಇಳಿಸಿದಳು. ಮನೆಗೆ ಬಂದು ಬಿಸಿನೀರಿನ ಬೋಗುಣಿ ತಂದಿಟ್ಟು, ಅವರ ಶೂ ಕಾಲುಚೀಲ ಬಿಚ್ಚಿದಳು. ಎರಡೂ ಹೆಬ್ಬೆರಳಿನ ಉಗುರುಗಳ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಕಾಲು ನೀರಲ್ಲಿ ಇಡಿಸಿ ಎದುರಿಗೆ ಕೂತಳು.

“ಯಾರ ಜೊತೆ ಹೋಗ್ತೀನಿ ಅಂತ ಅಂದ್ಕೊಂಡ್ರಿ?”

ಸಾಹೇಬರು ಬೋಗುಣಿ ನೋಡುತ್ತಾ ಹೇಳಿದರು, “ಬೂಟು ನಿನ್ದಲ್ಲ. ನಂಬರು ಆರು. ನಾನು ಅಳ್ದೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ನಗು ಬಂದಿದ್ದರೆ ಚೆನ್ನಾಗಿರುತ್ತಿತ್ತು, ಬರಲಿಲ್ಲ. ಎದ್ದು ಹೋಗಿ ಬೂಟು ಹಾಕಿಕೊಂಡು ಬಂದು ಅವರೆದುರು ನಿಂತಳು. “ಇಲ್ಲಿ ಒತ್ತಿ ನೋಡಿ” ಎಂದು ಅವರ ಹೆಬ್ಬೆರಳನ್ನು ಬೂಟಿನ ಮೂತಿಯ ಮೇಲಿಟ್ಟಳು. ಅಲ್ಲಿ ಕಾಲಿರಲಿಲ್ಲ, ಒಂದು ಹೆಬ್ಬೆರಳಿನಗಲ ಖಾಲಿ. “ಗುಡ್ಡದಲ್ಲಿ ಓಡೋಕೆ ಇಷ್ಟು ಜಾಗ ಬಿಡ್ಬೇಕು. ಓಡ್ತಾ ಓಡ್ತಾ ಕಾಲು ಊದತ್ತೆ, ಇಳಿಯುವಾಗ ಮುಂದೆ ಜಾರತ್ತೆ. ಜಾಗ ಇಲ್ದಿದ್ರೆ ಏನಾಗತ್ತೆ ಅಂತ ನಿಮ್ಮ ಉಗುರೇ ಹೇಳತ್ತೆ. ಅತ್ತಿಗೆ ಹೇಳ್ಕೊಟ್ಟಿದ್ದು.”

“ಮತ್ತೆ ಬಚ್ಚಿಟ್ಟಿದ್ಯಾಕೆ?”

“ಬಚ್ಚಿಟ್ಟಿದ್ದು ನಿಜ. ಬೂಟು ಕಂಡ್ರೆ ಎಲ್ಲಿಗೆ ಅಂತೀರಿ, ಎಲ್ಲಿಗೆ ಅಂದ್ರೆ ಯಾರ ಜೊತೆ ಅಂತೀರಿ. ಅತ್ತಿಗೆ ಹೆಸರು ಎತ್ತಿದ್ರೆ ಈ ಮನೇಲಿ ಮೂರು ದಿನ ಮಾತಿರಲ್ಲ. ಸುಳ್ಳು ಹೇಳಿದ್ದು ನನ್ನ ತಪ್ಪು, ಒಪ್ತೀನಿ. ಆದ್ರೆ ಕೇಳದೆ ಹಿಂದಿಂದ ಬಂದ್ರಲ್ಲ, ಅದನ್ನ ಎಲ್ಲಿ ಇಡ್ಲಿ ಹೇಳಿ?”

ನೀರು ತಣ್ಣಗಾಯಿತು. ಮೂರು ದಿನವಲ್ಲ, ಅದಕ್ಕೂ ಹೆಚ್ಚು ದಿನ ಆ ಮನೆಯಲ್ಲಿ ಮಾತಿರಲಿಲ್ಲ. ಈ ಸಲ ಮಾತು ಬಿಟ್ಟವಳು ಅವಳು. ಬೂಟುಗಳು ಮಾತ್ರ ಬಕೆಟ್ಟಿನಿಂದ ಹೊರಗೆ ಬಂದು ಎಲ್ಲರಿಗೂ ಕಾಣುವಂತೆ ಬಾಗಿಲ ಬಳಿ ಕೂತವು. ಬೆಳಗ್ಗೆ ಅವಳು ಹೋಗುತ್ತಿದ್ದಳು, ಬರುತ್ತಿದ್ದಳು. ಸಾಹೇಬರು ಕುಂಟುತ್ತಾ ಆಫೀಸಿಗೆ ಹೋಗುತ್ತಿದ್ದರು. ಒಂದು ಉಗುರು ಬಿದ್ದೇ ಹೋಯಿತು.

ಕೊನೆಗೆ ಒಂದು ಬೆಳಗ್ಗೆ ಅವಳು ಲೇಸು ಕಟ್ಟುತ್ತಿದ್ದಾಗ ಅವರು ಪಕ್ಕದಲ್ಲಿ ನಿಂತು, “ನಾನೂ ಬರ್ಲಾ?” ಎಂದರು.

ಅವಳು ತಲೆ ಎತ್ತದೆ ಹೇಳಿದಳು, “ಹಿಂದೆ ಬರೋದಾದ್ರೆ ಬೇಡ. ಜೊತೆಗೆ ಬರೋದಾದ್ರೆ ಬನ್ನಿ. ಆದ್ರೆ ಆ ಶೂ ಹಾಕ್ಕೊಂಡಲ್ಲ.”

ಹೀಗೆ ತಕ್ಕಡಿ ಸಾಹೇಬರು ಬೂಟಿನ ಅಂಗಡಿಗೆ ಹೊರಟರು. ಸಂಜೆಯೇ ಹೋಗಬೇಕು ಎಂದಳು ಹೆಂಡತಿ. ಯಾಕೆ ಸಂಜೆ? ಸಂಜೆ ಲೈಟಿನಲ್ಲಿ ಕಳಪೆ ಮಾಲು ಮಿಂಚುತ್ತದೆ ಎಂಬುದು ಅವರ ಅನುಭವ. “ಸಂಜೆ ಹೊತ್ತಿಗೆ ಕಾಲು ದಪ್ಪ ಆಗಿರತ್ತೆ, ಓಡುವಾಗ ಇರೋ ಹಾಗೆ. ಬೆಳಗ್ಗೆ ತಗೊಂಡಿದ್ದು ಸಂಜೆ ಕಚ್ಚತ್ತೆ” ಎಂದಳು. ಓಡುವಾಗ ಹಾಕಲಿರುವ ದಪ್ಪ ಕಾಲುಚೀಲವನ್ನೇ ಹಾಕಿಸಿ ಕರೆದುಕೊಂಡು ಹೋದಳು.

ಅಂಗಡಿಯವನು ಮಾತುಗಾರ. ಕಾಲಿಡುವ ಲೋಹದ ಅಳತೆಮಣೆ ತಂದು ಅವರ ಮುಂದಿಟ್ಟ. ಸಾಹೇಬರು ಜೇಬಿನಿಂದ ಉಕ್ಕಿನ ಪಟ್ಟಿ ತೆಗೆದು ಮೊದಲು ಮಣೆಯನ್ನೇ ಅಳೆದರು. ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮಣೆ ಸರಿಯಾಗಿತ್ತು. ಕಾಲಿಟ್ಟರೆ ಎಂಟನ್ನೂ ದಾಟಿತು, ಅದೂ ಎಡಗಾಲು. ಬಲಗಾಲು ಎಂಟೇ.

“ಸಾಧ್ಯವೇ ಇಲ್ಲ. ನಂದು ಏಳು. ಕೆಲಸಕ್ಕೆ ಸೇರಿದಾಗಿಂದ ಏಳು.”

“ಸಾರ್, ವಯಸ್ಸಾಗ್ತಾ ಪಾದ ಹರಡ್ಕೊಳ್ಳತ್ತೆ. ಎರಡು ಕಾಲೂ ಒಂದೇ ಇರೋರು ಕಡಿಮೆ. ದೊಡ್ಡ ಕಾಲಿಗೆ ನೋಡಿ ತಗೋಬೇಕು.”

ದೊಡ್ಡ ಸೈಜು ಖರ್ಚಾಗದೆ ಉಳಿದಿರಬೇಕು, ಅದಕ್ಕೇ ಈ ಉಪದೇಶ ಎಂದುಕೊಂಡರು ಸಾಹೇಬರು. ಆದರೆ ಮಣೆಯನ್ನು ತಾವೇ ಪಾಸು ಮಾಡಿಯಾಗಿತ್ತು. ಇಷ್ಟು ವರ್ಷ ಊರಿನ ಅಳತೆಗಳನ್ನೆಲ್ಲ ನೋಡಿದ್ದರು, ತಮ್ಮ ಕಾಲನ್ನು ಯಾರೋ ಯಾವಾಗಲೋ ಹೇಳಿದ ನಂಬರಿನ ಮೇಲೆ ನಂಬಿ ಬಿಟ್ಟಿದ್ದರು.

ಮೊದಲು ಅಂಗಡಿಯವನು ತಂದದ್ದು ನೀರು ಒಳಗೆ ಹೋಗದ, ಹೊಳೆಯುವ ಜೋಡಿ. “ಇದಕ್ಕಿಂತ ಒಳ್ಳೇದು ಇಲ್ಲ ಸಾರ್, ಕೆರೇಲಿ ಇಳಿದ್ರೂ ಕಾಲು ಒಣಗಿರತ್ತೆ.”

“ಕೆರೇಲಿ ಇಳಿದ್ರೆ ನೀರು ಮೇಲಿಂದ ಒಳಗೆ ಹೋಗತ್ತಲ್ಲ? ಹೋದ ನೀರು ಹೊರಗೆ ಹೇಗೆ ಬರತ್ತೆ?” ಎಂದರು ಸಾಹೇಬರು. ಅಂಗಡಿಯವನು ನಕ್ಕು ಅದನ್ನು ಒಳಗಿಟ್ಟ. ಹೆಂಡತಿ ಮೊದಲ ಸಲ ಇತ್ತ ತಿರುಗಿ ನೋಡಿದಳು.

ಎರಡನೆಯದು ಉದ್ದಕ್ಕೆ ಸರಿಯಾಗಿತ್ತು, ಅಗಲಕ್ಕೆ ಕಿರಿದು, ಕಿರುಬೆರಳು ಒತ್ತುತ್ತಿತ್ತು. “ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಸಾರ್” ಎಂದ. “ಇಲ್ಲಿ ಕಚ್ಚಿದ್ದು ಗುಡ್ಡದ ಮೇಲೆ ನುಂಗತ್ತೆ” ಎಂದಳು ಹೆಂಡತಿ. ಮೂರನೆಯದು ಮುಂದೆ ಅಗಲವಾಗಿ ಹಿತವಾಗಿತ್ತು, ಆದರೆ ನಡೆದಾಗ ಹಿಮ್ಮಡಿ ಎದ್ದು ಎದ್ದು ಬೀಳುತ್ತಿತ್ತು. ಹಿಂದೆ ಬಿಗಿಯಾಗಿ ಹಿಡಿದಿರಬೇಕು, ಮುಂದೆ ಬೆರಳುಗಳು ಆಡುವಂತಿರಬೇಕು, ನಡುವೆ ಲೇಸು ಎಳೆದರೆ ಪಾದ ಅಲುಗಬಾರದು: ಹೆಂಡತಿ ಹೇಳಿದ ಈ ಮೂರನ್ನೂ ಒಟ್ಟಿಗೆ ಕೊಡುವ ಬೂಟು ಆ ಅಂಗಡಿಯಲ್ಲಿದೆಯೋ ಇಲ್ಲವೋ ಎಂದು ಅವರಿಗೆ ಅನುಮಾನವಾಯಿತು.

ನಾಲ್ಕನೆಯ ಜೋಡಿ ಹಾಕಿ, ಇಳಿಜಾರು ಪರೀಕ್ಷಿಸಲೆಂದು ಅಲ್ಲಿ ಓರೆಯಾಗಿ ಇಟ್ಟಿದ್ದ ಹಲಗೆಯ ಮೇಲಿಂದ ಇಳಿದು ನೋಡಿದರು. ಎಡಗಾಲಿಗೆ ಸ್ವರ್ಗ. ಬಲಗಾಲಿನ ಬೆರಳು ಮುಂದೆ ತಾಗಿತು. ಮತ್ತೆ ಹತ್ತಿ ಇಳಿದರು. ಮತ್ತೆ ತಾಗಿತು.

“ಬಲಗಾಲು ಚಿಕ್ಕದು ಅಂದ್ರಿ. ಚಿಕ್ಕ ಕಾಲಿಗೆ ಹೇಗೆ ಬಿಗಿ ಆಗತ್ತೆ?”

“ಅಭ್ಯಾಸ ಇಲ್ಲ ಸಾರ್ ನಿಮಗೆ, ಅದಕ್ಕೆ ಹಾಗೆ ಅನ್ಸತ್ತೆ.”

ಸಾಹೇಬರು ಕೂತು ಬೂಟುಗಳನ್ನು ಬಿಚ್ಚಿ, ಅಡಿಗೆ ಅಡಿ ಸೇರಿಸಿ ಹಿಡಿದರು. ಒಂದು ಇನ್ನೊಂದಕ್ಕಿಂತ ಮುಂದೆ ಚಾಚಿತ್ತು. ನಾಲಿಗೆ ಎತ್ತಿದರೆ ಎಡದ್ದು ಒಂಬತ್ತು, ಬಲದ್ದು ಎಂಟು. ಯಾರೋ ಗಿರಾಕಿ ಹಾಕಿ ನೋಡಿದಾಗ ಡಬ್ಬಿಯೊಳಗಿನ ಬೂಟು ಅದಲುಬದಲಾಗಿತ್ತು. ಅಂಗಡಿಯವನ ಮುಖ ಬಾಡಿತು. ಕ್ಷಮೆ ಕೇಳುತ್ತಾ ಇನ್ನೊಂದು ಡಬ್ಬಿ ಹುಡುಕಲು ಒಳಗೋಡಿದ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅಷ್ಟು ದಿನದ ಬಿಗುಮಾನ ಒಡೆದು, ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನೋಡಿ, ನಿಮ್ಮ ಅನುಮಾನ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಬೂಟಿನ ಮೇಲೆ ಎಷ್ಟು ಬೇಕಾದ್ರೂ ಪಡಿ. ಬೂಟು ಅಳಲ್ಲ.”

ಆ ಕೊನೆಯ ಮಾತಿಗೆ ಸಾಹೇಬರು ತಲೆ ತಗ್ಗಿಸಿದರು. ಸರಿಯಾದ ಬಲಗಾಲಿನ ಒಂಬತ್ತು ಬಂತು. ಹಲಗೆ ಇಳಿದರು, ಏನೂ ತಾಗಲಿಲ್ಲ. ಹಿಮ್ಮಡಿ ಕೂತಲ್ಲೇ ಕೂತಿತ್ತು. ಬಣ್ಣ ಮಾತ್ರ ಕಿತ್ತಳೆ. ಬೇರೆ ಬಣ್ಣ ಆ ಸೈಜಿನಲ್ಲಿ ಇಲ್ಲ ಎಂದದ್ದನ್ನು ನಂಬದೆ ಸಾಹೇಬರು ತಾವೇ ಹೋಗಿ ಕಪಾಟು ನೋಡಿ ಬಂದರು. ಇರಲಿಲ್ಲ.

ಅಡಿ ಕೊಳೆಯಾಗದಿದ್ದರೆ ವಾರದೊಳಗೆ ಬದಲಿಸಿ ಕೊಡುತ್ತೇನೆಂದು ಅಂಗಡಿಯವನು ಹೇಳಿದ್ದ. ಆ ಇಡೀ ವಾರ ಸಾಹೇಬರು ಕಿತ್ತಳೆ ಬೂಟು ಹಾಕಿಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಿದರು. ಕೆಳಗಿನ ಮನೆಯ ನಿವೃತ್ತ ಮೇಷ್ಟರು ಮೆಟ್ಟಿಲಲ್ಲಿ ಸಿಕ್ಕು, “ನಿಮ್ಮನೇಲಿ ಕುದುರೆ ಏನಾದ್ರೂ ಸಾಕಿದ್ದೀರಾ?” ಎಂದು ವಿಚಾರಿಸಿದರು. ಬೂಟು ಎಲ್ಲೂ ಕಚ್ಚಲಿಲ್ಲ.

ವಾರ ಕಳೆದ ಮೇಲೆ ಗಂಡ ಹೆಂಡತಿ ಗುಡ್ಡದ ಬುಡಕ್ಕೆ ಹೋದರು. ಅಕ್ಕ ಟ್ಯಾಂಕಿನ ಬಳಿ ನಿಂತಿದ್ದಳು. ತಮ್ಮನ ಮುಖ ನೋಡಲಿಲ್ಲ, ಕಾಲು ನೋಡಿದಳು. “ಲೇಸು ಯಾರು ಕಟ್ಟಿದ್ದು?” ಎಂದಳು.

“ನಾನೇ.”

“ಗೊತ್ತಾಯ್ತು.” ಅಲ್ಲೇ ಮಣ್ಣಿನ ಮೇಲೆ ಮಂಡಿಯೂರಿ ಕೂತಳು. ಎರಡೂ ಲೇಸು ಬಿಚ್ಚಿ, ಎಲ್ಲರೂ ಖಾಲಿ ಬಿಡುವ ಕೊನೆಯ ತೂತಿಗೆ ತೂರಿಸಿ, ಎರಡೂ ಕಡೆ ಒಂದೊಂದು ಕುಣಿಕೆ ಮಾಡಿ, ಕುಣಿಕೆಯೊಳಗಿಂದ ಎದುರಿನ ಲೇಸು ಎಳೆದು ಬಿಗಿದಳು. “ಹೀಗೆ ಕಟ್ಟಿದ್ರೆ ಇಳಿಯುವಾಗ ಕಾಲು ಮುಂದೆ ಜಾರಲ್ಲ.” ಚಿಕ್ಕವನಿದ್ದಾಗ ಶಾಲೆಗೆ ಹೊರಡುವ ಮುಂಚೆ ಲೇಸು ಕಟ್ಟಿ ಕಳಿಸುತ್ತಿದ್ದವಳೂ ಅವಳೇ. ಸಾಹೇಬರು ಬಗ್ಗಿ, ಬಿಳಿಯಾಗುತ್ತಿದ್ದ ಆ ಗಿಡ್ಡ ಕೂದಲನ್ನು ನೋಡುತ್ತಾ ನಿಂತರು. “ಅಕ್ಕಾ, ಅವತ್ತು ಮೇಜು…” ಎಂದರು.

“ಮೇಜು ರಿಪೇರಿ ಆಯ್ತು” ಎಂದಳು ಅಕ್ಕ, ಏಳುತ್ತಾ. “ನಿಮ್ಮ ಭಾವ ಇನ್ನೂ ಆಗಿಲ್ಲ. ಅವರು ಮಾತಾಡ್ತಾರೋ ಇಲ್ವೋ ಅದು ಅವರಿಗೆ ಬಿಟ್ಟಿದ್ದು. ನೀನೇ ಬಂದು ಕೇಳ್ಬೇಕು.”

ಹತ್ತುವಾಗ ಅವರು ಹಿಂದೆ ಬಿದ್ದರು, ಇಬ್ಬರೂ ಕಾದರು. ಇಳಿಯುವಾಗ ಜಲ್ಲಿಯ ಮೇಲೆ ಹೆದರಿ ಹೆದರಿ ಹೆಜ್ಜೆಯಿಟ್ಟರು. ರಬ್ಬರಿನ ಹಲ್ಲು ಕಚ್ಚಿ ಹಿಡಿಯಿತು. ಅವರು ಬಿದ್ದಿದ್ದ ಪೊದೆಯ ಬಳಿ ಹೆಂಡತಿ ಏನೂ ಹೇಳದೆ ಮುಗುಳ್ನಕ್ಕು ಮುಂದೆ ಹೋದಳು.

ಮುಂದಿನ ರಜೆಯ ದಿನ ಸಾಹೇಬರು ಪೆಟ್ಟಿಗೆಯಿಲ್ಲದೆ ಬರಿಗೈಯಲ್ಲಿ ಭಾವನ ಅಂಗಡಿಗೆ ಹೋದರು. ಗಿರಾಕಿಗಳಿದ್ದರು. ಅವರೆದುರಿಗೇ, “ಅವತ್ತು ತಪ್ಪು ನಂದು” ಎಂದರು. ಭಾವ ತೂಗುತ್ತಿದ್ದ ಸಕ್ಕರೆಯಿಂದ ಕಣ್ಣೆತ್ತಲಿಲ್ಲ. ಬಹಳ ಹೊತ್ತಾದ ಮೇಲೆ, ಗಿರಾಕಿಗಳೆಲ್ಲ ಹೋದ ಮೇಲೆ, ಒಂದು ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿದರು. ಆ ದಿನ ಅಷ್ಟೇ. ಮಾತು ಬರಲು ಇನ್ನೂ ಕೆಲವು ರಜೆಗಳು ಬೇಕಾದವು.

ಈಗ ಸಾಹೇಬರು ವಾರಕ್ಕೆರಡು ಸಲ ಗುಡ್ಡ ಹತ್ತುತ್ತಾರೆ, ಅಷ್ಟು ಸಾಕು ಅವರಿಗೆ. ಹೆಂಡತಿಗೆ ಸಾಲದು. ಅವಳು ಬೇರೆ ದಿನಗಳಲ್ಲಿ ಒಬ್ಬಳೇ, ಇನ್ನೂ ದೂರದ ದಾರಿಗಳಿಗೆ ಹೋಗುತ್ತಾಳೆ. ಎಲ್ಲಿಗೆಂದು ಒಮ್ಮೊಮ್ಮೆ ಹೇಳುತ್ತಾಳೆ, ಒಮ್ಮೊಮ್ಮೆ ಹೇಳಲು ಮರೆಯುತ್ತಾಳೆ. ಅಂಥ ಬೆಳಗುಗಳಲ್ಲಿ ಸಾಹೇಬರ ಮನಸ್ಸು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಲೇ ಇರುತ್ತದೆ. ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಗ ಅವರು ಎದ್ದು ಹಾಲು ಕಾಯಿಸಲು ಇಡುತ್ತಾರೆ. ಅವಳು ಬೆವರು ಒರೆಸಿಕೊಳ್ಳುತ್ತಾ ಒಳಗೆ ಬರುವ ಹೊತ್ತಿಗೆ ಕಾಫಿ ತಯಾರಾಗಿರುತ್ತದೆ, ಇಬ್ಬರೂ ಬಾಲ್ಕನಿಯಲ್ಲಿ ಕೂತು ಕುಡಿಯುತ್ತಾರೆ.